ಷಡ್ಡಕರ ಬಂದೂಕು ಕರಾರು

ದೇವರು ಎಲ್ಲರ ಮುಂದೂ ಅವರವರ ತಾಟು ಇಟ್ಟಿದ್ದಾನೆ. ಕಣ್ಣನ್ನು ಮಾತ್ರ ಪಕ್ಕದವನ ತಾಟಿನ ಕಡೆ ತಿರುಗಿಸಿಬಿಟ್ಟಿದ್ದಾನೆ. ಇಂಥವು ನಡೆಯುತ್ತಲೇ ಇರುವುದು ಅದಕ್ಕೇ. ಹನುಮಪ್ಪನ ಪೂಜೆ ಮಾಡಿಕೊಂಡಿದ್ದ ನಾನೂ ಇದಕ್ಕೆ ಹೊರತಾಗಿರಲಿಲ್ಲ, ಅವನೇ ಕ್ಷಮಿಸಬೇಕು.

ಆಗ ನಿಜಾಮರ ಕಾಲ. ಯಲಬುರ್ಗಾ ತಾಲೂಕಿನ ಕಟ್ಟಕಡೆಯ ಊರು ನಮ್ಮದು. ಹಳ್ಳದ ಈಚೆ ಮೊಗಲಾಯಿ, ಆಚೆ ಇಂಗ್ರೇಜರ ಸೀಮೆ. ಈಚೆ ಪೊಲೀಸಿಗೆ ಅಮೀನರು, ಆಚೆ ಫೌಜದಾರರು. ಎರಡೂ ಊರಿನ ಗೌಡರು ಷಡ್ಡಕರು: ಅಕ್ಕ ನಮ್ಮ ಗೌಡರ ಮನೆಯಲ್ಲಿ, ತಂಗಿ ಆಚೆಯ ಗೌಡರ ಮನೆಯಲ್ಲಿ. ನಮ್ಮ ಬಾವಿ ಸವಳು. ಸಿಹಿನೀರು ಒಸರುವ ವರ್ತಿ ಆಚೆ ದಂಡೆಯ ಉಸುಕಿನಲ್ಲಿ. ಅವರ ದನಗಳಿಗೆ ಹುಲ್ಲು ನಮ್ಮ ದಂಡೆಯಲ್ಲಿ. ಒಬ್ಬರನ್ನೊಬ್ಬರು ಬಿಟ್ಟು ಬದುಕುವಂತಿರಲಿಲ್ಲ, ನೋಡಿ ಸಹಿಸುವಂತೆಯೂ ಇರಲಿಲ್ಲ.

ಆಚೆಯ ವೀರಭದ್ರನ ಗುಡಿಯ ಅಯ್ಯನವರಿಗೂ ನನಗೂ ಹಾಗೇ. ಅವರ ಗುಡಿಗೆ ಎರಡು ಗಂಟೆ, ನಮ್ಮದಕ್ಕೆ ಒಂದೇ. ಆ ಮಾತು ಬೇಡ ಬಿಡಿ.

ದಾರದ ಅಳತೆ

ಕಾಡುಹಂದಿಯ ಕಾಟಕ್ಕೆಂದು ಆಚೆಯ ಗೌಡರು ಲೈಸೆನ್ಸು ಮಾಡಿಸಿ, ಬಾಯಿಂದ ಮದ್ದು ಗಟ್ಟಿಸುವ ಬಂದೂಕು ತಂದರು. ನಮ್ಮ ಗೌಡರಿಗೆ ಅವತ್ತಿನಿಂದ ರೊಟ್ಟಿ ಸೇರಲಿಲ್ಲ. ಗೌಡಸಾನಿ ತಂಗಿಯ ಮನೆಗೆ ಹೊರಟಾಗ ನನ್ನಿಂದ ಹೂ ಕಟ್ಟುವ ದಾರ ಇಸಿದುಕೊಂಡರು. ಮರಳಿ ಬಂದಾಗ ಅದರಲ್ಲೊಂದು ಗಂಟು.

"ಗಂಟಿನ ತನಕ ಅವರ ಬಂದೂಕ ಐತಿ."

"ಹಂಗಾರ ನಮ್ಮದು ಗಂಟು ದಾಟಿ ಒಂದು ಗೇಣು ಇರ್ಲಿ," ಅಂದರು ಗೌಡರು.

ಕೊಪ್ಪಳಕ್ಕೆ ನಾಲ್ಕು ಸಲ ಓಡಾಡಿ ತಂದೇಬಿಟ್ಟರು. ಆದರೆ ಗೌಡರು ಕುಳ್ಳರು. ಬಂದೂಕು ನಿಲ್ಲಿಸಿದರೆ ಅದರ ಬಾಯಿ ಅವರ ರುಮಾಲಿಗಿಂತ ಮೇಲೆ. ಹೊಲದಿಂದ "ಹಂದಿ ಬಂದಾವ್ರೀ!" ಅಂತ ಕೂಗು ಬಂದರೆ, ವಾಡೆಯಿಂದ "ಏಣಿ ತರ್ರಿ!" ಅಂತ ಕೂಗು. ಏಣಿ ಬಂದು, ಗೌಡರು ಹತ್ತಿ, ಮದ್ದು ಗಟ್ಟಿಸಿ ಇಳಿಯುವುದರೊಳಗೆ ಹಂದಿಗಳು ಶೇಂಗಾ ಮುಗಿಸಿ ನೀರು ಕುಡಿಯಲು ಹೋಗಿರುತ್ತಿದ್ದವು.

ಹೇಳಿ ಹಾರಿಸುವುದು

ನಮ್ಮ ಗೌಡರ ಮೊಮ್ಮಗನ ತೊಟ್ಟಿಲ ದಿನ ಆಕಾಶಕ್ಕೆ ಒಂದು ಗುಂಡು ಹಾರಿಸಿದರು. ನಾವೇನು ಕಡಿಮೆ ಅಂತ ಆಚೆಯವರು ಎರಡು. ನಾವು ಮೂರು. ವರ್ತಿಯ ಹತ್ತಿರ ಹೆಂಗಸರು ಕೊಡ ಬಿಟ್ಟು ಓಡಿದರು. ಕೂಸು ಹೆಸರಿಲ್ಲದೆ ಮಲಗಿತು.

ಮರುದಿನ ಈಚೆ ಅಮೀನರು, ಆಚೆ ಫೌಜದಾರರು ಬಂದು ಒಂದೇ ಮಾತು ಹೇಳಿದರು: "ಇನ್ನೊಮ್ಮೆ ಹಿಂಗಾದ್ರ ಹಳ್ಳದ ದಾರಿ ಬಂದ್! ನಿಮಗ ನೀರಿಲ್ಲ, ಅವರಿಗೆ ಹುಲ್ಲಿಲ್ಲ."

ನನ್ನ ಹನುಮಪ್ಪನಿಗೆ ಸವಳು ನೀರಿನ ಅಭಿಷೇಕವೇ? ಅಂತೂ ಕರಾರಾಯಿತು. ಹಾರಿಸುವ ಮುಂಚೆ ತಳವಾರನನ್ನು ಕಳಿಸಿ ಹೇಳಬೇಕು. ಹೇಳಲು ಬಂದವನಿಗೆ ಊಟ ಹಾಕಬೇಕು. ಅವರು ನಮ್ಮ ತಳವಾರನಿಗೆ ಹೋಳಿಗೆ ಬಡಿಸಿದರೆಂದು ಕೇಳಿ ನಮ್ಮ ಗೌಡಸಾನಿ ಅವರ ತಳವಾರನಿಗೆ ಹೋಳಿಗೆಯ ಮೇಲೆ ತುಪ್ಪ ಸುರಿದರು.

ಎಂಟು ದಿನಕ್ಕೆ ಆ ತಳವಾರ ಮತ್ತೆ ಹಾಜರು.

"ಏನಪಾ, ಇವತ್ತೇನು ಹಾರಸ್ತೀರಿ?"

"ಇವತ್ತ ಏನೂ ಹಾರಸೂದಿಲ್ರಿ. ಅದನ್ನ ಹೇಳಾಕ ಬಂದೀನಿ," ಅಂದವನೇ ಕೈ ತೊಳೆದು ಕೂತ.

ಸೀರೆ ಉಟ್ಟ ದೇವರು

ಎದುರಿನವರು ಇನ್ನೊಂದು ಬಂದೂಕು ಬಚ್ಚಿಟ್ಟಿದ್ದಾರೆಂದು ಇಬ್ಬರಿಗೂ ಗುಮಾನಿ. ದೇವರ ಮನುಷ್ಯರು ಸುಳ್ಳು ಹೇಳುವುದಿಲ್ಲವೆಂದು ನಾನು ಆಚೆಯ ಗೌಡರ ಮನೆ ತಪಾಸಣೆ ಮಾಡುವುದು, ಅಯ್ಯನವರು ನಮ್ಮ ಗೌಡರ ಮನೆಯದು ಅಂತಾಯಿತು.

ಅಲ್ಲಿ ಮೂಲೆಯಲ್ಲಿ ಉದ್ದನೆಯದೇನೋ ಸೀರೆ ಸುತ್ತಿಕೊಂಡು, ಕುಂಕುಮ ಹಚ್ಚಿಸಿಕೊಂಡು ನಿಂತಿತ್ತು.

"ಇದೇನ್ರೀ ಅವ್ವಾರ?"

"ಮನಿ ದೇವ್ರು. ಮುಟ್ಟಬ್ಯಾಡ್ರಿ ಪೂಜಾರ್ರ."

ದೇವರೆಂದ ಮೇಲೆ ನಾನೇನು ಮಾಡಲಿ? ಕೈ ಮುಗಿದು ಬಂದೆ. ಹಳ್ಳದಲ್ಲಿ ಅಯ್ಯನವರು ಎದುರಾದರು. ಅವರ ಮುಖವೂ ಸಪ್ಪಗಿತ್ತು.

"ನಿಮ್ಮ ಗೌಡ್ರ ಮನ್ಯಾಗೂ ಒಬ್ಬ ಸೀರಿ ಉಟ್ಟ ದೇವ್ರು ಅದಾನ್ರೀ," ಅಂದರು. ಅಕ್ಕತಂಗಿಯರು ಒಂದೇ ತವರಿನವರಲ್ಲವೇ!

"ನಾನು ಕೈ ಮುಗಿದು ಬಂದೆ," ಅಂದೆ.

"ನಾ ಕಾಯೂ ಒಡದು ಬಂದೆ," ಅಂದರು.

ಅಲ್ಲಿಯೂ ನನಗಿಂತ ಒಂದು ಕೈ ಮೇಲೆ!

ಮೊದಲ ಬನ್ನಿ

ಹೋಳಿಗೆ ತಿಂದ ಬಾಯಿ ಸುಮ್ಮನಿರುತ್ತದೆಯೇ? ಸೀರೆ ಉಟ್ಟ ದೇವರ ಸುದ್ದಿ ತಳವಾರನಿಂದ ಫೌಜದಾರರಿಗೂ ಅವರಿಂದ ಅಮೀನರಿಗೂ ಮುಟ್ಟಿತು. ಕಡೆಯ ಮಾತಾಯಿತು: ದಸರೆಯ ಬನ್ನಿಯ ದಿನ ಇದ್ದಬದ್ದ ಆಯುಧವೆಲ್ಲ ಹಳ್ಳದ ಬನ್ನಿಗಿಡದ ಕೆಳಗೆ ಬಂದು ಬೀಳಬೇಕು, ಇಲ್ಲವೇ ದಾರಿ ಬಂದ್.

ಅವತ್ತು ಇಬ್ಬರೂ ಗೌಡರು ಒಂದೊಂದು ಬಂದೂಕು ಇಟ್ಟು, ಇಷ್ಟೇ ಅಂತ ನಿಂತರು. ಆಗ ನಮ್ಮ ಗೌಡಸಾನಿ ತಂಗಿಯ ಮುಖ ನೋಡಿ ಅಂದರು: "ಯಾರು ಹೆಚ್ಚು ಇಡ್ತಾರೋ ಅವರಿಗೇ ಮೊದಲ ಬನ್ನಿ."

ತಗೊಳ್ಳಿ! ಆಚೆಯ ಗೌಡರು ಓಡಿಹೋಗಿ ಸೀರೆ ಸಮೇತ ಮನೆದೇವರನ್ನು ಹೊತ್ತು ತಂದರು. ನಮ್ಮವರೂ ತಂದರು. ಅವರು ಭರ್ಚಿ ತಂದರೆ ಇವರು ಕತ್ತಿ. ಕೊಡಲಿ ಬಂತು, ಕುಡಗೋಲು ಬಂತು. ಕೊನೆಗೆ ಅಡಿಗೆಮನೆಯ ಇಳಿಗೆಮಣೆಯೂ ಬಂತು. ಆ ವಾರ ಎರಡೂ ವಾಡೆಯಲ್ಲಿ ಕಾಯಿಪಲ್ಲೆ ಹೆಚ್ಚಲು ಏನೂ ಇಲ್ಲದೆ ಬರೀ ಬ್ಯಾಳಿ.

ಎಣಿಸಿದರೆ ಸಮ. ಅಷ್ಟರಲ್ಲಿ ಅಯ್ಯನವರು ಓಡಿಹೋಗಿ ವೀರಭದ್ರನ ಖಡ್ಗವನ್ನೇ ತಂದಿಟ್ಟುಬಿಟ್ಟರು! ನಮ್ಮೂರೆಲ್ಲ ನನ್ನ ಮುಖ ನೋಡಿತು.

ಹನುಮಪ್ಪಾ, ನೀರಿನ ಸಲುವಾಗಿ ಅಂತ ನಿನ್ನ ಮುಂದೆ ಹೇಳಿದೆ. ನಿಜ ನಿನಗೆ ಗೊತ್ತು. ನಿನ್ನ ಕೈಯ ಬೆಳ್ಳಿ ಗದೆ ಬಿಚ್ಚಿಕೊಂಡು ಓಡಿಬಂದೆ.

ಮತ್ತೆ ಸಮ. ಮೊದಲ ಬನ್ನಿ ಯಾರಿಗೂ ಇಲ್ಲ. ಷಡ್ಡಕರಿಬ್ಬರೂ ಏಕಕಾಲಕ್ಕೆ "ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ" ಅಂತ ಅಪ್ಪಿಕೊಂಡರು. ಅಮೀನರು ಒಂದು, ಫೌಜದಾರರು ಒಂದು ಬೀಗ ಹಾಕಿ ಎಲ್ಲವನ್ನೂ ಹಳ್ಳದ ಮಂಟಪದಲ್ಲಿಟ್ಟರು. ದಾರಿ ಉಳಿಯಿತು, ಸಿಹಿನೀರೂ ಉಳಿಯಿತು.

ಅಂದಿನಿಂದ ನಾನು ದಿನಾ ಹೋಗಿ ವೀರಭದ್ರನ ಕೈ ಬರಿದೇ ಇದೆಯೇ ಅಂತ ನೋಡಿ ಬರುತ್ತಿದ್ದೆ. ಅಯ್ಯನವರು ಬಂದು ಹನುಮಪ್ಪನ ಕೈ ನೋಡಿ ಹೋಗುತ್ತಿದ್ದರು. ಮನಸ್ಸು ತಿಳಿಯಾಗಿತ್ತು.

ಒಂದು ದಿನ ಹೋಗಿ ನೋಡುತ್ತೇನೆ, ಕೈ ಬರಿದೇ ಇದೆ. ಗಂಟೆ ಮಾತ್ರ ಮೂರಾಗಿವೆ!

ಕರಾರಿನಲ್ಲಿ ಗಂಟೆಯ ಮಾತು ಸೇರಿಸುವುದನ್ನೇ ಮರೆತಿದ್ದೆವು.