ಜ್ವರಕ್ಕೆ ಕೂತ ಹುಳುಗಳ ಮೇಲೆ ಒಂದು ಮಂಡಿಯ ದೂರು

ಮಾನ್ಯರೇ,

ಜಂಗಮಕೋಟೆಯ ನಮ್ಮ ಹುಳು ಮನೆಯಲ್ಲಿ ನೆಲೆಸಿ, ಹಗಲಿರುಳೆನ್ನದೆ ಹಿಪ್ಪುನೇರಳೆ ಸೊಪ್ಪು ಮೇಯ್ದು, ಸದ್ಯ ಮೂರನೆಯ ಜ್ವರಕ್ಕೆ ಕೂತಿರುವ ಸಮಸ್ತ ರೇಷ್ಮೆ ಹುಳುಗಳ ಸನ್ನಿಧಿಗೆ, ಇದೇ ಮನೆಯ ಮೊಮ್ಮಗಳೂ ಹತ್ತನೇ ತರಗತಿಯ ಖೋಖೋ ಆಟಗಾರ್ತಿಯೂ ಆದ ಹರಿಣಿ ಒಂಟಿಕಾಲಿನಲ್ಲಿ ನಿಂತು ಮಾಡುವ ನಮಸ್ಕಾರಗಳು. ಎರಡೂ ಕಾಲೂರಿ ನಿಲ್ಲಲಾಗದ್ದಕ್ಕೆ ಕ್ಷಮೆಯಿರಲಿ. ದೂರು ಆ ಇನ್ನೊಂದು ಕಾಲಿನದೇ.

ಮೊದಲಿಗೆ ತಮ್ಮ ಭಾಗ್ಯವನ್ನು ಕೊಂಡಾಡಬೇಕು. ತಾವು ಪೊರೆ ಬಿಡಲೆಂದು ಮೇವು ನಿಲ್ಲಿಸಿ, ತಲೆ ಎತ್ತಿ ಅಲುಗದೆ ಕೂತಿರೆಂದರೆ ನಮ್ಮ ಕಡೆ ಅದನ್ನು ಜ್ವರ ಎನ್ನುತ್ತಾರೆ. ಆಗ ನಮ್ಮ ಅಜ್ಜಿ ಆದಿಲಕ್ಷ್ಮಮ್ಮನವರು ಬಾಗಿಲಿಗೆ ಅಡ್ಡ ನಿಂತು, ಬಂದ ನೆಂಟರನ್ನು ಅಂಗಳದಿಂದಲೇ ಸಾಗಹಾಕಿ, ಅಪ್ಪ ಜೋರಾಗಿ ಕೆಮ್ಮಿದರೂ ಕಣ್ಣು ಕೆಂಪಗೆ ಮಾಡುತ್ತಾರೆ. ತಮ್ಮಲ್ಲಿ ಒಬ್ಬರನ್ನಾದರೂ "ನಾಟಕ ಆಡ್ತಿದೀಯಾ?" ಎಂದು ಯಾರೂ ಕೇಳಿದ್ದಿಲ್ಲ.

ನನ್ನ ಎಡ ಮಂಡಿಗೆ ಈ ಮರ್ಯಾದೆ ಇಲ್ಲ. ಚಿಕ್ಕಬಳ್ಳಾಪುರದ ಮೂಳೆ ಡಾಕ್ಟರು ಸ್ಕ್ಯಾನ್ ನೋಡಿ ಹೇಳಿದ್ದು ಇಷ್ಟು: ಸದಾ ಓಡಿ, ಕೂತು, ಎದ್ದು, ಮತ್ತೆ ಓಡುವ ಮಕ್ಕಳಲ್ಲಿ ಕೆಲವರಿಗೆ, ಕೀಲಿನೊಳಗಿನ ನುಣುಪಾದ ಮೃದ್ವಸ್ಥಿಯ ಅಡಿಯಲ್ಲಿರುವ ಮೂಳೆಯ ಒಂದು ಭಾಗಕ್ಕೆ ರಕ್ತ ಸರಿಯಾಗಿ ತಲುಪದೆ ಅದು ಸಡಿಲಗೊಳ್ಳುತ್ತದಂತೆ. ನನ್ನದು ಇನ್ನೂ ಕಳಚಿಲ್ಲ. ಬೆಳೆಯುವ ವಯಸ್ಸಾದ್ದರಿಂದ ಕೆಲವು ತಿಂಗಳು ಓಟ, ಜಿಗಿತ ಬಿಟ್ಟರೆ ತಾನಾಗಿ ಕೂಡಿಕೊಳ್ಳಬಹುದು, ಬಿಡದಿದ್ದರೆ ಆ ಚೂರು ಕಿತ್ತುಬಂದು ಕೀಲಿನಲ್ಲಿ ಸಿಕ್ಕಿಕೊಂಡು ಆಪರೇಷನ್ನಿಗೇ ತರಬಹುದು. ನನಗೆ ನಿಜಕ್ಕೂ ಭಯವಾಗಿದೆ. ಖೋಖೋ ಬಿಟ್ಟರೆ ಬೇರೆ ಯಾವುದೂ ನನಗೆ ಅಷ್ಟು ಚೆನ್ನಾಗಿ ಬರುವುದಿಲ್ಲ.

ಆದರೆ ಮಂಡಿ ಹೊರಗಿನಿಂದ ಗುಂಡುಗುಂಡಾಗಿಯೇ ಕಾಣುವುದರಿಂದ ಎಲ್ಲರೂ ಡಾಕ್ಟರಿಗಿಂತ ದೊಡ್ಡವರಾಗಿದ್ದಾರೆ. "ಆಡೋ ಮಕ್ಳಿಗೆ ನೋವು ಇದ್ದಿದ್ದೇ ಕಣಮ್ಮ, ಎರಡು ರೌಂಡ್ ಓಡು, ಬಿಟ್ಟೋಗ್ತದೆ" ಎಂದು ಪಿ.ಟಿ. ಮೇಷ್ಟ್ರು ಕೋನಪ್ಪನವರು ಗೌರಿಬಿದನೂರಿನ ಪಂದ್ಯಕ್ಕೆ ನನ್ನ ಹೆಸರು ಬರೆಸಿದ್ದಾರೆ. ಉಳುಕು ತೆಗೆಯುವ ಆವುಲಪ್ಪನವರು ಎಣ್ಣೆ ಬಾಟಲಿ ಸಮೇತ ಬಂದು ಎಳೆದು ಕೂರಿಸುವುದಾಗಿ ಹೇಳಿ ಕಳಿಸಿದ್ದಾರೆ. ತಮ್ಮ ತಲೆ ಎಣಿಸಿ ಮಲಗುವ ನಮ್ಮ ಅಜ್ಜಿಯೋ, "ಮಂಡಿನೋವು ನಂಗೆ ಬರ್ಬೇಕು, ನಿಂಗ್ಯಾಕಮ್ಮ ಬರ್ತದೆ? ಏಳು, ಸೊಪ್ಪು ತಗೊಂಬಾ" ಎಂದು ಮುಪ್ಪಿನ ಆಸ್ತಿಯನ್ನು ನಾನು ಕಬಳಿಸಿದಂತೆ ಸಿಡುಕುತ್ತಾರೆ.

ಆದಕಾರಣ ದಯಾಳುಗಳಾದ ತಾವು ಹಳೆಯ ಪೊರೆ ಕಳಚುವ ಗುಟ್ಟನ್ನು ನನ್ನ ಮಂಡಿಗೆ ಕಲಿಸಿಕೊಡಬೇಕು. ಅದಾಗದಿದ್ದರೆ ತಮ್ಮಲ್ಲಿ ಚುರುಕಾದ ಒಬ್ಬರು ಗೌರಿಬಿದನೂರಿನಲ್ಲಿ ನನ್ನ ಬದಲು ಓಡಬೇಕು. ಅದೂ ಕಷ್ಟವೆನಿಸಿದರೆ ತಟ್ಟೆಯಲ್ಲಿ ಕೊಂಚ ಸರಿದು ನನಗೂ ಮಲಗಲು ಜಾಗ ಕೊಡಬೇಕು. ಹುಳುವೆಂದು ತಿಳಿದಾದರೂ ಯಾರೂ ನನ್ನನ್ನು ಎಬ್ಬಿಸಲಾರರು.

ತಮ್ಮ ವಿಶ್ವಾಸಿಯೂ ಕುಂಟುತ್ತಲೇ ಸೊಪ್ಪು ಹೊರುವವಳೂ ಆದ,
ಹರಿಣಿ

ವಿ.ಸೂ.: ಈ ಪತ್ರವನ್ನು ಹುಳು ಮನೆಯ ಬಾಗಿಲಿಗೆ ಅಂಟಿಸಿದ್ದೆ, ಅಪ್ಪ ಅದನ್ನು ಅಜ್ಜಿಗೆ ಓದಿ ಹೇಳಿದರು. ಮಾರನೆಯ ದಿನ ಎಣ್ಣೆ ಬಾಟಲಿ ಹಿಡಿದು ಆವುಲಪ್ಪನವರೂ, ಅವರ ಹಿಂದೆಯೇ ಪಂದ್ಯದ ಜರ್ಸಿ ಹಿಡಿದು ಮೇಷ್ಟ್ರೂ ಬಂದಾಗ, ಅಜ್ಜಿ ಹೊಸ್ತಿಲಿಗೆ ಅಡ್ಡ ನಿಂತು "ಯಾರೂ ಒಳಕ್ಕೆ ಬರಂಗಿಲ್ಲ. ಮಗು ಮಂಡಿ ಜ್ವರಕ್ಕೆ ಕುಂತೈತೆ" ಎಂದುಬಿಟ್ಟರು. ಹುಳುವಿನ ಜ್ವರ ಒಂದು ದಿನದ್ದು, ಇದು ತಿಂಗಳುಗಟ್ಟಲೆಯದು ಎಂದು ಮೇಷ್ಟ್ರು ವಾದಿಸಿದ್ದಕ್ಕೆ, "ಆಗ್ಲಿ ಬಿಡಪ್ಪ, ಕಾಯೋದು ನಂಗೇನು ಹೊಸದಾ?" ಎಂದರು. ಒಳಗೆ ಮಲಗಿದ್ದ ನಾನು ಅತ್ತುಬಿಟ್ಟೆ. ಸಂಜೆ ಅಪ್ಪ ನನಗೆಂದು ತಂದ ಗೋಬಿ ಮಂಚೂರಿಯ ಪೊಟ್ಟಣವನ್ನು ಮಾತ್ರ ಅಜ್ಜಿ ಕಸಿದುಕೊಂಡು, "ಜ್ವರದಾಗೆ ತಿನ್ನೋ ಹುಳ ಎಲ್ಲೈತೆ?" ಎಂದು ಪೂರ್ತಿ ತಿಂದು ಮುಗಿಸಿದರು. ಈ ನಿಯಮ ಹುಳುಗಳಾದ ತಮ್ಮಿಂದಲೇ ಬಂದದ್ದರಿಂದ ತಮ್ಮ ಮೇಲಿನ ಎರಡನೆಯ ದೂರನ್ನು ಇಂದೇ ಬರೆಯಲು ಕೂತಿದ್ದೇನೆ.