ಒಂದು ದೋಷವೂ ಇಲ್ಲದ ಕಾರು

ತಪ್ಪೆಲ್ಲ ಆ ಜಾಹೀರಾತಿನದು. ಹದಿನೆಂಟು ವರ್ಷ ಕಡತಗಳ ನಡುವೆ ಅದುಮಿಟ್ಟಿದ್ದ ಸಾಹಿತ್ಯವೆಲ್ಲ ಗುಮಾಸ್ತನ ಬೆರಳಿಗಿಳಿದು ಹೀಗೆ ಹರಿದಿತ್ತು: "ಹದಿನಾರು ವರ್ಷದ ಕುಟುಂಬದ ಕಾರು. ಒಂದೂವರೆ ಲೀಟರ್ ಎಂಜಿನ್, ಬೆಣ್ಣೆಯಂಥ ಪವರ್ ಸ್ಟೀರಿಂಗ್, ನಾಲ್ಕೂ ಪವರ್ ಕಿಟಕಿ, ಮೈ ನಡುಗಿಸುವ ಏಸಿ, ನಾಲ್ಕು ಸೂಟ್‌ಕೇಸ್ ನುಂಗಿ ತೇಗದ ಡಿಕ್ಕಿ. ಒಂದು ದೋಷವೂ ಇಲ್ಲ."

ಇದರಲ್ಲಿ ಎಂಜಿನ್ ಮತ್ತು ಡಿಕ್ಕಿ ನಿಜ. ಉಳಿದದ್ದು ಹೀಗೆ: ಸ್ಟೀರಿಂಗ್ ಹಠಮಾರಿ ಎಮ್ಮೆಯಂತೆ ಸದಾ ಎಡಕ್ಕೇ ಎಳೆಯುತ್ತಿತ್ತು. ಇಳಿದ ಕಿಟಕಿ ತವರಿಗೆ ಹೋದ ಸೊಸೆಯಂತೆ, ಎಷ್ಟು ಕರೆದರೂ ಮೇಲೆ ಬರುತ್ತಿರಲಿಲ್ಲ. ಏಸಿ ಹಾಕಿದರೆ ಗಾಳಿ ಬರುವ ಬದಲು ವೈಪರ್ ಕುಣಿಯುತ್ತಿತ್ತು.

ಅಂಥದ್ದಕ್ಕೂ ಒಂದು ಫೋನ್ ಬಂತು. "ನಾಳೆ ಬೆಳಗ್ಗೆ ಹತ್ತು ಗಂಟೆಗೆ ನೋಡೋಕೆ ಬರ್ತೀನಿ."

ಹೆಂಡತಿ ಹೊಲಿಗೆ ಮೆಷಿನ್ನಿನಿಂದ ತಲೆ ಎತ್ತಲಿಲ್ಲ. "ನೋಡ್ರೀ, ನಾಳಿದ್ದು ಬಡಗಿ ಬರ್ತಾನೆ. ಈ ಡಬ್ಬ ಹೋದ್ರೆ ಆ ಜಾಗದಲ್ಲಿ ನನ್ನ ಹೊಲಿಗೆ ಅಂಗಡಿ. ಹೋಗ್ಲಿಲ್ವೋ, ಎರಡು ಮೆಷಿನ್ನೂ ನಿಮ್ಮ ರೂಮಿಗೆ. ನೀವು ಎಲ್ಲಾದ್ರೂ ಚಾಪೆ ಹುಡುಕ್ಕೊಳ್ಳಿ."

ಲೋಕದಲ್ಲಿ ಗುಮಾಸ್ತನದು ಎನ್ನುವುದು ಇದ್ದದ್ದು ಆ ರೂಮು, ಆ ಮಂಚ, ಭಾನುವಾರ ಮಧ್ಯಾಹ್ನದ ಆ ನಿದ್ದೆ. ಅಷ್ಟೇ!

ಎದುರುಮನೆಯ ಸ್ಪ್ಯಾನರ್ ಮಾವನಿಗೆ ಸುದ್ದಿ ಹೇಗೆ ಮುಟ್ಟಿತೋ, ಮರುದಿನ ಬೆಳಗ್ಗೆ ಆರೂವರೆಗೇ ಹಾಜರು. ಬಸ್ ವರ್ಕ್‌ಶಾಪಿನಿಂದ ನಿವೃತ್ತರಾದ ಮೇಲೆ ಅವರಿಗೆ ಕೈ ತುರಿಕೆ. ಬೀದಿಯವರಿಗೆಲ್ಲ ಅವರು ಮಾವ, ಬೀದಿಯ ಗಂಡಸರೆಲ್ಲ ಅವರಿಗೆ ಅಳಿಯಂದಿರು.

"ಬಾನೆಟ್ ಎತ್ತೋ ಅಳಿಯ."

"ಬೇಡ ಮಾವ! ಈಗ ಸ್ಟಾರ್ಟಾದ್ರೂ ಆಗ್ತಿದೆ, ಮುಟ್ಟಬೇಡಿ!"

"ಮೂವತ್ತೈದು ವರ್ಷ ಬಸ್ಸುಗಳನ್ನ ಬದುಕಿಸಿದೋನು ನಾನು. ಇದೇನು ಮಹಾ, ಬೆಂಕಿಪೊಟ್ಟಣ!"

ಎಂಟು ಗಂಟೆಗೆ ಕಾರು ಅಂಗಳದ ತುಂಬ ಹರಡಿಕೊಂಡಿತ್ತು. ಮಹಡಿಯಲ್ಲಿ ಬಾಡಿಗೆಗಿದ್ದ, ಬೀದಿಗೆಲ್ಲ ಅತ್ತೆಯಾದವರು, ತಮ್ಮ ಹಳೇ ಮಿಕ್ಸಿಯ ಒಂದು ತಂತಿಯನ್ನು ಹಗ್ಗ ಕಟ್ಟಿ ಇಳಿಸಿದರು. ಗುಮಾಸ್ತ ಸ್ಕ್ರೂಗಳನ್ನು ಎಣಿಸುತ್ತ, ಎಣಿಕೆ ತಪ್ಪಿ, ಮತ್ತೆ ಎಣಿಸುತ್ತ ಬೆವರಿನಲ್ಲಿ ತೊಯ್ದುಹೋದ. ಹತ್ತಕ್ಕೆ ಐದು ನಿಮಿಷ ಇರುವಾಗ ಮಾವ ಬಾನೆಟ್ ಮುಚ್ಚಿದರು. ಕೀ ತಿರುಗಿಸಿದ್ದೇ ತಡ, ಎಂಜಿನ್ ಹಾಲು ಕುಡಿದ ಬೆಕ್ಕಿನಂತೆ ಗುರುಗುಟ್ಟಿತು! ಗುಮಾಸ್ತ ಕುಣಿದೇಬಿಟ್ಟ.

ಸ್ಕೂಟರಿನಲ್ಲಿ ಬಂದ ಗಿರಾಕಿ ನೋಟ್‌ಬುಕ್ ತೆಗೆದ.

"ಸ್ಟೀರಿಂಗ್ ಯಾವ ಕಡೆಗಾದ್ರೂ ಎಳೆಯುತ್ತಾ?"

"ಛೆ ಛೆ! ನೂಲು ಹಿಡಿದ ಹಾಗೆ ನೇರ!"

"ವೈರಿಂಗ್ ತೊಂದರೆ? ಹೊಗೆ? ಆಯಿಲ್ ಸೋರಿಕೆ?"

"ಒಂದೂ ಇಲ್ಲ ಸಾರ್!"

"ನನ್ನಾಣೆ, ಇಲ್ಲ!" ಮಹಡಿಯಿಂದ ಅತ್ತೆ ಸಾಕ್ಷಿ ನುಡಿದರು.

ಒಂದೊಂದು ಉತ್ತರಕ್ಕೂ ಗಿರಾಕಿಯ ಮುಖ ಒಂದೊಂದು ಇಂಚು ಇಳಿಯಿತು. ಕೊನೆಗೆ ನೋಟ್‌ಬುಕ್ ಮುಚ್ಚಿ, "ನನಗೆ ಬೇಡ" ಎಂದ.

"ಯಾಕೆ ಸಾರ್?"

"ನಾನು ಮೆಕ್ಯಾನಿಕ್ ಶಾಲೆಯ ಮೇಷ್ಟ್ರು. ರಿಪೇರಿ ಕಲಿಸೋಕೆ ಕೆಟ್ಟ ಕಾರು ಬೇಕಾಗಿತ್ತು. ಒಂದು ದೋಷವೂ ಇಲ್ಲ ಅಂತ ಬರೆದಿದ್ರಿ. ಹಾಗೆ ಬರೆಯೋರ ಗಾಡೀಲೇ ಮೈತುಂಬ ರೋಗ ಇರುತ್ತೆ ಅಂತ ಆಸೆಯಿಂದ ಬಂದೆ."

ಗುಮಾಸ್ತ ಅವನ ಕೈ ಹಿಡಿದ. "ಇದೆ ಸಾರ್! ರೋಗದ ಗೂಡೇ ಇದೆ! ನಾನು ಶುದ್ಧ ಸುಳ್ಳುಗಾರ! ಕೂತ್ಕೊಳ್ಳಿ, ತೋರಿಸ್ತೀನಿ!"

ಕಿಟಕಿಯ ಗುಂಡಿ ಒತ್ತಿದ; ಗಾಜು ಜುಯ್ಯೆಂದು ಮೇಲೇರಿತು. ಏಸಿ ಹಾಕಿದ, ಮೇಷ್ಟ್ರು ಚಳಿಗೆ ಸೀನಿದರು. ಬೀದಿಯುದ್ದಕ್ಕೂ ಸ್ಟೀರಿಂಗ್ ಬಿಟ್ಟು ಎರಡೂ ಕೈ ಮೇಲೆತ್ತಿದ. ದರಿದ್ರ ಕಾರು ಗೆರೆ ಎಳೆದಂತೆ ನೇರ ಓಡಿತು. ವಾಪಸು ಬಂದವನೇ ಮಾವನ ಕಾಲಿಗೆ ಬಿದ್ದ.

"ಮಾವ, ಒಂದು ವೈರಾದ್ರೂ ಕಿತ್ತುಬಿಡಿ!"

"ಥೂ! ಸರಿ ಇರೋದನ್ನ ಕೆಡಿಸೋ ಕೈಯೇನೋ ಇದು? ಬೆಳಗ್ಗೆಯಿಂದ ಹದಿನೇಳು ರಿಪೇರಿ ಮಾಡಿದ್ದೀನಿ!"

ಮೇಷ್ಟ್ರ ಕಣ್ಣು ಹೊಳೆಯಿತು. "ಹದಿನೇಳಾ? ಒಂದೇ ಬೆಳಗ್ಗೆಗಾ? ಯಜಮಾನ್ರೇ, ನಮ್ಮಲ್ಲಿ ಕಲಿಸೋಕೆ ನಾನೊಬ್ಬನೇ, ಸಾಲ್ತಿಲ್ಲ. ಇರೋಕೆ ರೂಮು, ಊಟ ಎಲ್ಲಾ ಕೊಡ್ತೀವಿ. ಈಗಲೇ ಬರ್ತೀರಾ?"

ಐದೇ ನಿಮಿಷ. ಸ್ಪ್ಯಾನರ್ ಚೀಲ ತಬ್ಬಿಕೊಂಡು, ಮದುಮಗನಂತೆ ಮೀಸೆ ತಿರುವುತ್ತ, ಮಾವ ಸ್ಕೂಟರ್ ಹಿಂದೆ ಕೂತು ಹೊರಟೇ ಹೋದರು. ಈ ಕಾರಿನ ನಾಡಿ ತಿಳಿದಿದ್ದ ಏಕೈಕ ವೈದ್ಯರು! ಗುಮಾಸ್ತ ಗೇಟು ಹಿಡಿದು ಬಾಯಿ ಬಿಟ್ಟುಕೊಂಡು ನಿಂತ.

ಹೆಂಡತಿ ಹೊರಬಂದಳು. ಅವಳಲ್ಲಿ ಸಿಟ್ಟಿರಲಿಲ್ಲ, ಮುಖ ಬೆಳಗುತ್ತಿತ್ತು. ಗುಮಾಸ್ತನ ಜೀವ ಮರಳಿ ಬಂತು.

"ಏನ್ರೀ, ಇಷ್ಟು ಚೆನ್ನಾಗಿ ಓಡೋ ಕಾರನ್ನ ಯಾರಾದ್ರೂ ಮಾರ್ತಾರಾ? ಬಟ್ಟೆ ತಲುಪಿಸೋಕೆ ನನಗೇ ಬೇಕು. ಬಡಗಿಗೆ ಬರಬೇಡ ಅಂದೆ. ಅಂಗಡಿ ಒಳಗೇ ಆಗ್ಲಿ."

"ಒಳಗೆ ಅಂದ್ರೆ..."

"ನಿಂತೇ ಇದ್ದೀರಲ್ಲ! ಬನ್ನಿ, ಮಂಚದ ಆ ತುದಿ ಹಿಡೀರಿ."