ಬುಗುರಿಯ ಎಡಗಾಲು

ತಪ್ಪೆಲ್ಲ ಎಡಗಾಲಿನದು.

ಮಂಜುಗಡ್ಡೆಯ ಮೇಲೆ ಜಾರುವ ಸ್ಕೇಟಿನ ಅಲಗು ದೂರದಿಂದ ನೋಡುವವರಿಗೆ ಚಾಕುವಿನ ಬಾಯಂತೆ ಕಾಣುತ್ತದೆ. ಹತ್ತಿರದಿಂದ ನೋಡಿದರೆ ನಡುವೆ ಸಣ್ಣದೊಂದು ಕಾಲುವೆ, ಅದರ ಆಚೆಗೊಂದು ಈಚೆಗೊಂದು ಅಂಚು. ಲಟ್ಸ್ ಎಂಬ ಜಿಗಿತಕ್ಕೆ ಎಡಗಾಲಿನ ಹೊರ ಅಂಚಿನಿಂದ ಏಳಬೇಕು, ಫ್ಲಿಪ್ ಎಂಬುದಕ್ಕೆ ಒಳ ಅಂಚಿನಿಂದ. ಉಳಿದಂತೆ ಎರಡೂ ಅವಳಿ ಜವಳಿ. ಬುಗುರಿ ಎರಡನ್ನೂ ಒಳ ಅಂಚಿನಿಂದಲೇ ಹಾರಿ, ನಗುನಗುತ್ತಾ ಇಳಿದು, ಕೈ ಚಾಚಿ ನಿಲ್ಲುತ್ತಿದ್ದಳು. ಜನ ಚಪ್ಪಾಳೆ ತಟ್ಟುತ್ತಿದ್ದರು. ತೀರ್ಪುಗಾರರು ಅಂಕ ಕತ್ತರಿಸುತ್ತಿದ್ದರು. ಹೀಗಾಗಿ ಹೋದ ಸೀಸನ್ ಪೂರ್ತಿ ಅವಳು ತಂಡದಲ್ಲಿ ರಿಸರ್ವ್ ಆಗಿದ್ದಳು. ಎಂದರೆ ತಂಡದ ಜೊತೆ ಊರೂರು ಸುತ್ತಿ, ಉಳಿದವರ ಜಾಕೆಟ್ ಹಿಡಿದುಕೊಂಡು, ಉಳಿದವರಿಗೆ ಚಪ್ಪಾಳೆ ತಟ್ಟಿ ಬಂದಿದ್ದಳು.

“ನಿನ್ನ ಎಡಗಾಲು ಸುಳ್ಳು ಹೇಳುತ್ತೆ,” ಎಂದಿದ್ದರು ಕೋಚ್ ಮೇಡಂ. “ಹೊರಗೆ ಹೊರಟೆ ಅಂತ ಹೇಳಿ, ಕೊನೇ ಗಳಿಗೇಲಿ ಮೆಲ್ಲಗೆ ಒಳಗೆ ಬಂದ್ಬಿಡುತ್ತೆ. ಬೇರಿಂದಲೇ ಸರಿ ಮಾಡ್ಬೇಕು.”

ರಜೆಯುದ್ದಕ್ಕೂ ಬೇರು ಕಿತ್ತಿದ್ದೇ ಕಿತ್ತಿದ್ದು. ಹಳೆಯ ಲಟ್ಸ್ ಹೋಯಿತು, ಹೊಸದು ಬರಲಿಲ್ಲ. ಬುಗುರಿ ಮಂಜಿನ ಮೇಲೆ ಗೋಣಿಚೀಲದಂತೆ ಬೀಳತೊಡಗಿದಳು. ಇವತ್ತು ಮಧ್ಯಾಹ್ನ ಈ ಸೀಸನ್ನಿನ ತಂಡದ ಆಯ್ಕೆ. ಆಡುವವರಲ್ಲಿ ಒಬ್ಬಳಾಗಬೇಕು, ಇಲ್ಲದಿದ್ದರೆ ಮತ್ತೆ ಜಾಕೆಟ್ ಸೇವೆ.

ಬೆಳಿಗ್ಗೆ ನಡುಮನೆಯಲ್ಲಿ ಕಾಲುಚೀಲ ಹಾಕಿಕೊಂಡು ಒಂದೇ ಒಂದು ಸಲ ಹಾರಿ ನೋಡಿದಳು. ಗೋಡೆಯ ಗಡಿಯಾರ ನಡುಗಿತು. ಮರುಕ್ಷಣವೇ ಬಾಗಿಲು ಬಡಿದ ಸದ್ದು. ಕೆಳಗಿನ ಮನೆಯ ಬಸ್ ತಾತ. ಜೀವಮಾನವಿಡೀ ಘಟ್ಟದ ದಾರಿಯಲ್ಲಿ ಬಸ್ ಓಡಿಸಿ ನಿವೃತ್ತರಾದವರು.

“ಕ್ಷಮಿಸಿ ತಾತ, ಇವತ್ತು ಆಯ್ಕೆ ಇದೆ...”

“ಸದ್ದಿಗೆ ಬಂದಿಲ್ಲಮ್ಮ ನಾನು. ನೀನು ಹಾರೋದನ್ನ ಮೊನ್ನೆ ನೋಡಿದೆ. ಈ ಕಡೆ ತಿರುಗಬೇಕಾದ್ರೆ ಆ ಕಡೆ ವಾಲ್ತೀಯಲ್ಲ! ತಿರುವಿನಲ್ಲಿ ಹಾಗೆ ಹೊರಗೆ ವಾಲಿದ್ರೆ ಬಸ್ಸು ಸೀದಾ ಕಣಿವೆಗೆ.”

“ಈ ಜಿಗಿತಕ್ಕೆ ಹಾಗೇ ವಾಲ್ಬೇಕು ತಾತ. ಅದೇ ಕಷ್ಟ.”

“ಯಾವನಮ್ಮ ಇದನ್ನ ಕಂಡುಹಿಡಿದೋನು? ಲೈಸೆನ್ಸ್ ಇತ್ತಾ ಅವನಿಗೆ?”

ಅಡುಗೆಮನೆಯಿಂದ ಅಮ್ಮ ಸೌಟು ಹಿಡಿದೇ ಬಂದರು. “ಅವಳ ತಲೆ ಕೆಡಿಸ್ಬೇಡಿ ನೀವು. ಹೊರಗೆ ಅಂದ್ರೆ ಹೊರಗೆ. ಬುಗುರಿ, ಊಟ ಮಾಡುವಾಗಲೂ ಹೊರಗೆ ಅಂತಲೇ ಅಂದ್ಕೋ.”

ಆ ಹೊತ್ತಿಗೆ ಹೊಲಿಗೆ ಅಂಗಡಿಯ ಸೋದರತ್ತೆ ಹೊಸ ನೀಲಿ ಉಡುಪನ್ನು ಮಗುವಿನಂತೆ ಎರಡು ಕೈಯಲ್ಲಿ ಎತ್ತಿಕೊಂಡು ಬಂದಳು. ಅವಳ ಮುಖದಲ್ಲಿ ಏನೋ ಬಚ್ಚಿಟ್ಟವರ ನಗು. “ಹಾಕ್ಕೊಂಡು ನೋಡು. ಇವತ್ತು ನಿನ್ನ ಕಾಲು ಹೇಳಿದ ಮಾತು ಕೇಳದಿದ್ರೆ ನನ್ನ ಹೆಸರು ಕರೀಬೇಡ.”

ಅದರ ಅರ್ಥ ಗೊತ್ತಾದದ್ದು ಮೈದಾನದಲ್ಲಿ, ಮಂಜಿನ ಮೇಲೆ ಮೊದಲ ಸುತ್ತು ತಿರುಗಿದಾಗ. ಲಂಗದ ಎಡಭಾಗ ಗಾಳಿಗೆದ್ದು ಬಂದು ತೊಡೆಗೆ ಫಟಾರನೆ ಬಾರಿಸಿತು. ಬುಗುರಿ ಕುಳಿತೇಬಿಟ್ಟಳು. ತಡಕಿ ನೋಡಿದರೆ ಅಂಚಿನ ಮಡಿಕೆಯೊಳಗೆ ಸೀಸದ ಗುಂಡುಗಳು. ಪರದೆ ಹಾರದಿರಲೆಂದು ಹೊಲಿಯುತ್ತಾರಲ್ಲ, ಅವು.

“ಅತ್ತೇ!”

ಪ್ರೇಕ್ಷಕರು ಕೂರುವ ಮೆಟ್ಟಿಲುಗಳ ಮೇಲಿಂದ ಅತ್ತೆ ಕೈ ಬೀಸಿದಳು. “ಎಡಗಡೆ ವಾಲ್ಬೇಕು ಅಂದೆಯಲ್ಲೇ! ಭಾರ ಇದ್ರೆ ತಾನಾಗೇ ವಾಲುತ್ತೆ!”

ಬುಗುರಿ ಮೈದಾನದ ಅಂಚಿನ ಕಟಕಟೆಗೆ ಒರಗಿ ಹಲ್ಲಿನಿಂದ ಹೊಲಿಗೆ ಕಿತ್ತು ಗುಂಡುಗಳನ್ನು ಉಗುಳಿದಳು. ಲಂಗದ ಎಡಗಡೆ ಇಲಿ ತಿಂದ ಹಾಗಾಯಿತು. ಹೋಗಲಿ ಎಂದು ಮತ್ತೆ ಹೊರಟಳು. ಈಗ ಎಡಗಾಲು ನೇರ ಹೋಗಲೊಲ್ಲದು! ಮುಂದಕ್ಕೆ ತಳ್ಳಿದರೂ ಹಿಂದಕ್ಕೆ ತಳ್ಳಿದರೂ ಹೊರಕ್ಕೇ ಎಳೆಯುತ್ತಿದೆ. ಗಾಣದ ಎತ್ತಿನಂತೆ ಒಂದೇ ಜಾಗದಲ್ಲಿ ಸುತ್ತಿ, ಸುತ್ತಿ, ಕೊನೆಗೆ ಮಂಜು ನಯಮಾಡುವ ಗಾಡಿಗೆ ಹೋಗಿ ತಬ್ಬಿಕೊಂಡಳು.

ಅಲ್ಲಿಂದ ಕುಂಟುತ್ತಾ ಸಾಣೆ ಮಾಮನ ಗೂಡಿಗೆ. ಮಾಮ ಎಲ್ಲರ ಅಲಗಿಗೂ ಸಾಣೆ ಹಿಡಿಯುವವನು, ಬುಗುರಿ ಎಂದರೆ ಜೀವ.

“ಮಾಮಾ, ಎಡಗಾಲಿಗೆ ಏನು ಮಾಡಿದೆ?”

ಮಾಮ ಆಚೀಚೆ ನೋಡಿ ದನಿ ತಗ್ಗಿಸಿದ. “ಹೊರ ಅಂಚನ್ನ ಒಂದು ಕೂದಲೆಳೆಯಷ್ಟು ಎತ್ತರ ಬಿಟ್ಟಿದ್ದೀನಿ. ಯಾರಿಗೂ ಹೇಳ್ಬೇಡ. ನಿನಗೊಂದು ಸಹಾಯ ಆಗ್ಲಿ ಅಂತ.”

“ಸಹಾಯಾನಾ! ಬಾಗಿಲ ಹತ್ರ ಹೋಗಕ್ಕೂ ಆಗ್ತಿಲ್ಲ ನನಗೆ! ಈಗಲೇ ಸಮ ಮಾಡು!”

“ಈಗ್ಲೇ? ನಿನ್ನ ಸರದಿ ಬಂತಲ್ಲೇ!”

“ಹಿಡಿ ಮಾಮಾ ಸಾಣೆ!”

ಕಿಡಿಗಳು ಹಾರಿದವು. ಹೊರಗೆ ಧ್ವನಿವರ್ಧಕ ಅವಳನ್ನು ಕರೆಯಿತು. ಎರಡನೇ ಸಲವೂ ಕರೆಯಿತು. ಬುಗುರಿ ಲೇಸು ಕಟ್ಟಿದಳೋ ಗಂಟು ಹಾಕಿದಳೋ ಅವಳಿಗೇ ತಿಳಿಯದು. ಬಾಗಿಲಲ್ಲಿ ಕೋಚ್ ಮೇಡಂ ಕುದಿಯುವ ಪಾತ್ರೆಯಂತೆ ನಿಂತಿದ್ದರು.

“ಎಲ್ಲಿ ಹಾಳಾಗಿ ಹೋಗಿದ್ದೆ? ಲಂಗಕ್ಕೇನಾಯ್ತು? ಬೇಡ, ಹೇಳ್ಬೇಡ. ನೋಡು, ಬಿದ್ರೂ ಪರವಾಗಿಲ್ಲ, ಹೊರ ಅಂಚಿನಿಂದ ಬೀಳು. ಫ್ಲಿಪ್ ಬಗ್ಗೆ ಯೋಚನೇನೇ ಮಾಡ್ಬೇಡ, ಅದನ್ನ ನೀನು ನಿದ್ದೆಯಲ್ಲೂ ಹಾರ್ತೀಯ.”

ಸಂಗೀತ ಶುರುವಾಯಿತು. ಮೊದಲು ಲಟ್ಸ್. ಮೂಲೆಯತ್ತ ಹಿಂದುಹಿಂದಕ್ಕೆ ಉದ್ದನೆಯ ಜಾರು. ಮೆಟ್ಟಿಲುಗಳ ಮೇಲೆ ಅಮ್ಮ ಎದ್ದು ನಿಂತರು, ಅತ್ತೆ ಎದ್ದಳು, ಬಸ್ ತಾತ ಇಲ್ಲದ ಸ್ಟೇರಿಂಗ್ ಹಿಡಿದುಕೊಂಡರು.

“ಹೊರಗೆ! ಹೊರಗೆ!” ಎಂದು ಅಮ್ಮ ಕೂಗಿದ ರಭಸಕ್ಕೆ ಬಾಗಿಲ ಬಳಿಯ ಕಾವಲುಗಾರ ಹೊರಗೆ ಹೋಗಿಯೇಬಿಟ್ಟ.

ಎಡಗಾಲು ಹೊರಗೆ ವಾಲಿತು. ವಾಲಿಯೇ ಇತ್ತು. ಒಳಗೆ ಬಾ ಎಂದು ಹಳೆಯ ಚಟ ಕರೆಯಿತು, ಕಾಲು ಕಿವಿಗೊಡಲಿಲ್ಲ. ಬಲಗಾಲಿನ ತುದಿ ಮಂಜಿಗೆ ಕುಟ್ಟಿತು. ಬುಗುರಿ ಎದ್ದಳು, ತಿರುಗಿದಳು, ಮೈದಾನವೆಲ್ಲ ಬಿಳಿಯ ಗೆರೆಯಾಯಿತು, ಮತ್ತೆ ಮೈದಾನವಾಯಿತು. ಅವಳು ಒಂದೇ ಕಾಲ ಮೇಲೆ ಇಳಿದು ಬೆಣ್ಣೆಯಲ್ಲಿ ಚಾಕು ಎಳೆದಂತೆ ಜಾರುತ್ತಿದ್ದಳು!

ಅಮ್ಮ ಅತ್ತೆಯನ್ನು ತಬ್ಬಿಕೊಂಡರು. ಸಾಣೆ ಮಾಮ ಗೂಡಿನಿಂದಲೇ ಸಿಳ್ಳೆ ಹಾಕಿದ. “ಕಣಿವೆ ದಾಟ್ತು ಕಣ್ರೀ!” ಎಂದು ಬಸ್ ತಾತ ಪಕ್ಕದ ಅಪರಿಚಿತನ ಬೆನ್ನಿಗೆ ಗುದ್ದಿದರು. ಕೋಚ್ ಮೇಡಂ ಕಣ್ಣಲ್ಲಿ ನೀರು.

ಬುಗುರಿಯ ಮೈಯೆಲ್ಲ ಹಗುರ. ಬಂತು! ಹೊಸ ಲಟ್ಸ್ ಬಂತು! ಅದೇ ಹುರುಪಿನಲ್ಲಿ ಮೈದಾನದ ಆ ತುದಿಗೆ ಹಾರಿಹೋಗಿ ಫ್ಲಿಪ್ ಹಾರಿದಳು. ಎತ್ತರ, ವೇಗ, ಇಳಿತ, ಎಲ್ಲ ಅಚ್ಚುಕಟ್ಟು. ಚಪ್ಪಾಳೆ ಚಾವಣಿ ಮುಟ್ಟಿತು.

ಕೋಚ್ ಮೇಡಂ ಮಾತ್ರ ಎರಡು ಕೈಯಲ್ಲೂ ತಲೆ ಹಿಡಿದುಕೊಂಡು ಮೆಲ್ಲಗೆ ಬೆಂಚಿನ ಮೇಲೆ ಕುಸಿದರು.

ಅಂಕ ಬಂದಾಗ ಮುಖ್ಯ ತೀರ್ಪುಗಾರರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಬುಗುರಿಯನ್ನು ಹತ್ತಿರ ಕರೆದರು.

“ನಿಮ್ಮ ಲಟ್ಸ್ ನೋಡಿ ಬಹಳ ಸಂತೋಷ ಆಯ್ತಮ್ಮ. ಹೊರ ಅಂಚು ಅಂದ್ರೆ ಹೀಗಿರ್ಬೇಕು. ಪೂರ್ತಿ ಅಂಕ ಕೊಟ್ಟಿದ್ದೀವಿ.”

“ಥ್ಯಾಂಕ್ಸ್ ಸರ್!”

“ಆದ್ರೆ ಫ್ಲಿಪ್ಪನ್ನೂ ಹೊರ ಅಂಚಿನಿಂದಲೇ ಹಾರಿದ್ರಲ್ಲ?”

ಬುಗುರಿ ಬಗ್ಗಿ ತನ್ನ ಎಡಗಾಲನ್ನು ನೋಡಿದಳು. ಅದು ಏನೂ ಅರಿಯದ ಹಸುಗೂಸಿನಂತೆ ಇತ್ತು.

“ಹೋದ ವರ್ಷ ಎರಡೂ ಒಳಗಿಂದ, ಈ ವರ್ಷ ಎರಡೂ ಹೊರಗಿಂದ. ಒಂದು ಸರಿ, ಒಂದು ತಪ್ಪು. ಲೆಕ್ಕ ಅಲ್ಲಿಗಲ್ಲಿಗೇ ಆಯ್ತು,” ಎಂದರು ಅವರು ನಿಜವಾದ ಕನಿಕರದಿಂದ. “ರಿಸರ್ವ್ ಅಂತ ಬರ್ಕೊಂಡಿದ್ದೀವಿ.”

ಸುದ್ದಿ ಮೆಟ್ಟಿಲೇರಲು ಹೊತ್ತಾಗಲಿಲ್ಲ. ಬುಗುರಿ ಬೆಂಚಿಗೆ ಬರುವಷ್ಟರಲ್ಲಿ ಎಲ್ಲರೂ ಇಳಿದು ಬಂದು ಸುತ್ತುವರಿದಿದ್ದರು.

“ನೀವು ‘ಹೊರಗೆ’ ಅಂತ ಕೂಗೋದನ್ನ ಯಾವಾಗ ನಿಲ್ಲಿಸಿದ್ರಿ ಅತ್ತಿಗೆ?” ಎಂದಳು ಅತ್ತೆ ಅನುಮಾನದಿಂದ.

“ನಾನೆಲ್ಲಿ ನಿಲ್ಲಿಸಿದೆ?” ಎಂದರು ಅಮ್ಮ. “ಸಂಗೀತ ಮುಗಿಯೋ ತನಕ ಕೂಗಿದ್ದೀನಿ ನಾನು!”

ಕೋಚ್ ಮೇಡಂ ಎದ್ದು ಬಂದು ಬುಗುರಿಯ ಭುಜ ಹಿಡಿದರು. ಅವರ ಮುಖದಲ್ಲಿ ವಿಚಿತ್ರವಾದ ಉತ್ಸಾಹ ಉಕ್ಕುತ್ತಿತ್ತು.

“ಬಿಡು, ಲಟ್ಸ್ ಸರಿಹೋಯ್ತಲ್ಲ! ಅರ್ಧ ಕೆಲಸ ಮುಗೀತು. ನಾಳೆ ಬೆಳಿಗ್ಗೆಯಿಂದಲೇ ಫ್ಲಿಪ್ ಹಿಡಿಯೋಣ. ಅದನ್ನೂ ಬೇರಿಂದಲೇ ಸರಿ ಮಾಡೋಣ. ಬರೀ ಒಳ ಅಂಚು, ಒಳ ಅಂಚು, ಒಳ ಅಂಚು!”

ಬುಗುರಿ ಲೇಸಿನ ಗಂಟು ಬಿಚ್ಚುವುದನ್ನು ನಿಲ್ಲಿಸಿ ತಲೆಯೆತ್ತಿದಳು. “ಮೇಡಂ, ಹಾಗೆ ಮಾಡಿದ್ರೆ ಲಟ್ಸ್ ಮತ್ತೆ ಒಳಗೆ ಬರಲ್ವಾ?”

ಕೋಚ್ ಮೇಡಂ ಮೈದಾನದ ಕಡೆ ನೋಡಿದರು. ಅಲ್ಲಿ ಗಾಡಿ ಆಗಲೇ ಮಂಜನ್ನು ನಯ ಮಾಡುತ್ತಿತ್ತು.

“ಅದನ್ನ ಮುಂದಿನ ಸೀಸನ್‌ನಲ್ಲಿ ನೋಡ್ಕೊಳ್ಳೋಣಮ್ಮ,” ಎಂದರು.